ನಿರ್ವಹಣಾ ತಂತ್ರಾಂಶ ಕೊಳ್ಳುವ ಮುನ್ನ ಬ್ರೇಕ್‌ಡೌನ್ ಪುಸ್ತಕ ತೆರೆಯಿರಿ

ಆಯುಧಪೂಜೆಯ ದಿನ ಪೀಣ್ಯದ ಯಾವುದೇ ಕಾರ್ಖಾನೆಯಲ್ಲಿ ಒಂದು ಸುತ್ತು ಹಾಕಿದರೆ, ಕಚೇರಿಯ ಯಾವ ಕಡತದಲ್ಲೂ ಇಲ್ಲದ ಪಟ್ಟಿಯೊಂದು ಕಣ್ಣಿಗೆ ಬೀಳುತ್ತದೆ. ಸಿಎನ್‌ಸಿ ಲೇತ್‌ಗೆ ಸೇವಂತಿಗೆ ಹಾರ, ಕಂಪ್ರೆಸರ್‌ಗೆ ಅರಿಸಿನ ಕುಂಕುಮ, ಮೂಲೆಯ ಬೆಂಚ್ ಗ್ರೈಂಡರ್‌ಗೂ ನಾಲ್ಕು ಹೂವು. ಒಂದು ವರ್ಷ ನಾನು ಹೂವು ಬಿದ್ದ ಯಂತ್ರಗಳನ್ನು ಸುಮ್ಮನೆ ಎಣಿಸಿದೆ: 58. ಲೆಕ್ಕಪತ್ರ ವಿಭಾಗದ ಆಸ್ತಿ ಪಟ್ಟಿಯಲ್ಲಿದ್ದದ್ದು 41. ಉಳಿದ ಹದಿನೇಳಕ್ಕೆ ಗ್ರೀಸ್ ಹಾಕುವವರು ಯಾರು, ಬೇರಿಂಗ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ, ಉತ್ತರ ಇದ್ದದ್ದು ಹಿರಿಯ ಫಿಟ್ಟರ್ ಒಬ್ಬರ ತಲೆಯೊಳಗೆ ಮಾತ್ರ. ಅವರು ಹಬ್ಬಕ್ಕೆ ಊರಿಗೆ ಹೊರಟರೆ ಉತ್ತರವೂ ಅವರ ಜೊತೆಗೇ ಬಸ್ ಹತ್ತುತ್ತಿತ್ತು.

ಆ ತಲೆಯೊಳಗಿನ ಲೆಕ್ಕವನ್ನು ಎಲ್ಲರ ಕೈಗೆ ಸಿಗುವಂತೆ ಮಾಡುವುದೇ ನಿರ್ವಹಣಾ ತಂತ್ರಾಂಶದ ಕೆಲಸ. ಮಾರುವವರು ಇದನ್ನು ಸಿಎಂಎಂಎಸ್ ಎನ್ನುತ್ತಾರೆ. ಯಂತ್ರಗಳ ಪಟ್ಟಿ, ಕೆಟ್ಟಾಗ ಹುಟ್ಟುವ ಕೆಲಸದ ಚೀಟಿ, ಕೆಡುವ ಮೊದಲೇ ಮಾಡಬೇಕಾದ ನಿರ್ವಹಣೆಯ, ಅಂದರೆ ಪಿಎಂನ, ವೇಳಾಪಟ್ಟಿ, ಸ್ಟೋರ್ಸ್‌ನ ಬಿಡಿಭಾಗ, ಹೊರಗಿನವರ ಜೊತೆಗಿನ ವಾರ್ಷಿಕ ನಿರ್ವಹಣಾ ಒಪ್ಪಂದ (ಎಎಂಸಿ): ಈ ಐದಕ್ಕೂ ಪರಸ್ಪರ ಕೊಂಡಿ ಇದ್ದರೆ ಅದು ಸಿಎಂಎಂಎಸ್, ಇಲ್ಲದಿದ್ದರೆ ಬಣ್ಣ ಬಳಿದ ಎಕ್ಸೆಲ್ ಹಾಳೆ. ಮೂವತ್ತರಿಂದ ಇನ್ನೂರು ಯಂತ್ರಗಳಿರುವ ಘಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಲಿಫ್ಟ್, ಜನರೇಟರ್, ಕೊಳಚೆ ನೀರು ಶುದ್ಧಗೊಳಿಸುವ ಎಸ್‌ಟಿಪಿ, ಬೋರ್‌ವೆಲ್ ಪಂಪ್ ನೋಡಿಕೊಳ್ಳುವ ಅಪಾರ್ಟ್‌ಮೆಂಟ್ ಸಂಘಕ್ಕೂ ಬಹುಪಾಲು ಇದೇ ಹೊಂದುತ್ತದೆ.

ಮೊದಲ ಸಲ ಆಯ್ಕೆ ಮಾಡಿದಾಗ ನಾನು ಎಡವಿದೆ. ಪ್ರೊಜೆಕ್ಟರ್ ಪರದೆಯ ಮೇಲೆ ಮುಳ್ಳು ತಿರುಗುವ ಬಣ್ಣದ ಮೀಟರ್‌ಗಳನ್ನು ನೋಡಿ, ಮಾಲೀಕರ ಮುಂದೆ ನಾನೇ ತಲೆಯಾಡಿಸಿದ್ದೆ. ನಾಲ್ಕು ತಿಂಗಳ ನಂತರ ವರದಿ ತೆಗೆದರೆ ಪ್ರತಿ ದುರಸ್ತಿಗೂ ಹಿಡಿದ ಸಮಯ 30 ನಿಮಿಷ. ಫ್ಯೂಸ್ ಬದಲಿಸಿದ್ದಕ್ಕೂ 30, ಸ್ಪಿಂಡಲ್ ಬಿಚ್ಚಿದ್ದಕ್ಕೂ 30. ಚೀಟಿಗಳನ್ನು ಮುಚ್ಚಿದ ಹೊತ್ತು ನೋಡಿದೆ: ಎಲ್ಲವೂ ಶನಿವಾರ ಸಂಜೆ ಐದೂವರೆಯಿಂದ ಆರರ ನಡುವೆ. ಸೂಪರ್‌ವೈಸರ್ ಮನೆಗೆ ಹೊರಡುವ ಮುನ್ನ ವಾರದ ಕೆಲಸವನ್ನೆಲ್ಲ ಅಂದಾಜಿನಲ್ಲಿ ತುಂಬುತ್ತಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಒಂದು ಚೀಟಿ ಮುಚ್ಚಲು 19 ಅಂಕಣ ತುಂಬಬೇಕಿತ್ತು. ಎಣ್ಣೆ ಮೆತ್ತಿದ ಕೈಯಲ್ಲಿ ಅದನ್ನು ಯಾವ ಫಿಟ್ಟರ್ ತುಂಬುತ್ತಾರೆ? ಅಂದಿನಿಂದ ನನ್ನ ಅಳತೆಗೋಲು ಒಂದೇ: ರಿಪೇರಿ ಮಾಡಿದವರೇ, ಯಂತ್ರದ ಪಕ್ಕದಲ್ಲೇ, ಆಗಲೇ ತುಂಬಲು ಆಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಮಾತನ್ನೇ ಸುತ್ತುತ್ತವೆ.

ಹೆಜ್ಜೆ 1: ನಿಲುಗಡೆಯನ್ನು ತುಂಡು ಮಾಡಿ ನೋಡಿ

ತಂತ್ರಾಂಶದ ಯಾವ ಕಂಪನಿಗೂ ಫೋನ್ ಮಾಡುವ ಮೊದಲು ಯಂತ್ರ ಕೆಟ್ಟು ನಿಂತದ್ದನ್ನು ಬರೆದಿಡುವ ಬ್ರೇಕ್‌ಡೌನ್ ಪುಸ್ತಕದ ಕಳೆದ ಮೂರು ತಿಂಗಳ ಪುಟ ತೆಗೆದುಕೊಂಡು ಕುಳಿತುಕೊಳ್ಳಿ. ಪುಸ್ತಕವೇ ಇಲ್ಲದಿದ್ದರೆ ಒಂದು ತಿಂಗಳು ಬರೆಸಿ. ಅಷ್ಟು ದಿನ ತಡವಾದರೆ ಮುಳುಗುವುದೇನೂ ಇಲ್ಲ. ದೊಡ್ಡ ನಿಲುಗಡೆಗಳಲ್ಲಿ ಹೊತ್ತು ಎಲ್ಲೆಲ್ಲಿ ಹೋಯಿತು ಎಂದು ಬಿಡಿಸಿ ಬರೆಯಿರಿ.

ನಮ್ಮಲ್ಲಿ ಲೋಹ ಕೊರೆಯುವ ಒಂದು ಕಂಪ್ಯೂಟರ್ ಯಂತ್ರದ (ವಿಎಂಸಿ) ಬೆಲ್ಟ್ ಹರಿದ ದಿನದ ಲೆಕ್ಕ ಹೀಗಿತ್ತು. ಬೆಳಿಗ್ಗೆ 10.10ಕ್ಕೆ ಯಂತ್ರ ನಿಂತಿತು. ಮೆಂಟೆನೆನ್ಸ್‌ಗೆ ಸುದ್ದಿ ಮುಟ್ಟಿದ್ದು 10.35ಕ್ಕೆ. ಕವರ್ ಬಿಚ್ಚಿ ಬೆಲ್ಟ್ ಎಂದು ಗೊತ್ತಾಗುವಾಗ 11. ಸ್ಟೋರ್ಸ್‌ನಲ್ಲಿ ಹುಡುಕಾಟ 11.50ರವರೆಗೆ. ಇಲ್ಲವೆಂದು ತೀರ್ಮಾನವಾಗಿ, ಹುಡುಗನೊಬ್ಬ ಬೈಕ್ ಹತ್ತಿ ಎಸ್.ಪಿ. ರಸ್ತೆಯ ಅಂಗಡಿಯಿಂದ ಬೆಲ್ಟ್ ತಂದಾಗ ಮಧ್ಯಾಹ್ನ 3.15. ಬೆಲ್ಟ್ ಹಾಕಿ ಓಡಿಸಿ ನೋಡಿದ್ದು 3.55ಕ್ಕೆ. ಐದೂಮುಕ್ಕಾಲು ಗಂಟೆಯ ನಿಲುಗಡೆಯಲ್ಲಿ ಬೆಲ್ಟ್ ಬದಲಿಸಲು ಹಿಡಿದದ್ದು 40 ನಿಮಿಷ. ಮುಂದಿನ ವಾರ ಸ್ಟೋರ್ಸ್‌ನ ಇನ್ನೊಂದು ಕಪಾಟಿನಲ್ಲಿ ಅದೇ ಅಳತೆಯ ಎರಡು ಬೆಲ್ಟ್ ಸಿಕ್ಕವು, ಬೇರೆ ಹೆಸರಿನಲ್ಲಿ.

ಇಂತಹ ಹತ್ತು ಪ್ರಸಂಗ ಬಿಡಿಸಿದರೆ ನಿಮಗೆ ಬೇಕಾದ್ದು ಏನೆಂದು ತಾನೇ ತಿಳಿಯುತ್ತದೆ. ಕಾಯುವುದರಲ್ಲೇ ಹೊತ್ತು ಹೋಗುತ್ತಿದ್ದರೆ ಬಿಡಿಭಾಗಗಳ ಭಾಗ ಗಟ್ಟಿಯಾಗಿರುವ ತಂತ್ರಾಂಶ ಬೇಕು. ಅದೇ ಬೇರಿಂಗ್ ಮೂರು ಸಲ ಹೋಗಿದ್ದರೆ ಯಂತ್ರದ ಚರಿತ್ರೆ ಒಂದೇ ಪರದೆಯಲ್ಲಿ ಕಾಣುವಂಥದ್ದು ಬೇಕು. ಸುದ್ದಿ ಮುಟ್ಟುವುದೇ ತಡವಾಗುತ್ತಿದ್ದರೆ ಆಪರೇಟರ್ ಫೋನ್‌ನಿಂದ ದೂರು ಹಾಕುವಂತಿರಬೇಕು. ಇನ್ನು ಹದಿನೈದು ಯಂತ್ರ, ಒಬ್ಬರೇ ಫಿಟ್ಟರ್ ಇರುವ ಘಟಕವಾದರೆ ಎಕ್ಸೆಲ್ ಹಾಳೆ ಮತ್ತು ಗೋಡೆಯ ಮೇಲಿನ ಬೋರ್ಡ್ ಸಾಕು. ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ದುಡ್ಡು ಉಳಿಸಬಹುದು.

ಹೆಜ್ಜೆ 2: ಯಂತ್ರಗಳಿಗೆ ಸಂಖ್ಯೆ ಕೊಡಿ

ಕಾಗದ ಹಿಡಿದು ನಡೆಯಿರಿ. ಕಚೇರಿಯಲ್ಲಿ ಕುಳಿತು ಮಾಡಿದ ಪಟ್ಟಿಯಲ್ಲಿ ಟೆರೇಸ್ ಮೇಲಿನ ಕೂಲಿಂಗ್ ಟವರ್, ಗೇಟ್ ಬಳಿಯ ತೂಕದ ಯಂತ್ರ, ಅಗ್ನಿಶಾಮಕ ಪಂಪ್ ಇವು ಯಾವಾಗಲೂ ತಪ್ಪಿಹೋಗುತ್ತವೆ.

ಸಂಖ್ಯೆಯೊಳಗೆ ಜಾಗದ ಹೆಸರು ಸೇರಿಸಬೇಡಿ. ‘ಶೆಡ್ 2, ಲೇತ್ 4’ ಎಂದು ಬರೆದ ಯಂತ್ರ ಮುಂದಿನ ವರ್ಷ ಮೂರನೇ ಶೆಡ್‌ಗೆ ಹೋದರೆ ಸಂಖ್ಯೆಯೇ ಸುಳ್ಳು ಹೇಳಲು ಶುರುಮಾಡುತ್ತದೆ. ಜಾಗ ಬೇರೆ ಅಂಕಣದಲ್ಲಿರಲಿ. ಯಂತ್ರದೊಳಗಿನ ಭಾಗಗಳನ್ನೂ ಮಿತಿಯಲ್ಲೇ ಒಡೆಯಿರಿ: ಕಂಪ್ರೆಸರ್ ಮನೆ, ಅದರೊಳಗೆ ಸ್ಕ್ರೂ ಕಂಪ್ರೆಸರ್, ಅದರೊಳಗೆ ಮೋಟರ್ ಮತ್ತು ಡ್ರೈಯರ್. ಮೂರು ಹಂತ ದಾಟಿದರೆ ಚೀಟಿ ಹಾಕುವವರು ಯಾವುದನ್ನು ಆರಿಸಬೇಕೆಂದು ತಿಳಿಯದೆ ಎಲ್ಲವನ್ನೂ ‘ಕಂಪ್ರೆಸರ್ ಮನೆ’ಯ ತಲೆಗೇ ಕಟ್ಟುತ್ತಾರೆ.

ಕ್ಯೂಆರ್ ಚೀಟಿ ಅಂಟಿಸುವಾಗ ಒಂದು ಮಾತು. ಕಾಗದದ ಸ್ಟಿಕ್ಕರ್ ಕೂಲಂಟ್ (ತಂಪಾಗಿಸುವ ದ್ರವ) ತಾಗುವ ಕಡೆ ಹೆಚ್ಚು ದಿನ ಬಾಳುವುದಿಲ್ಲ. ಕೊರೆದ ಲೋಹದ ಫಲಕ ಮಾಡಿಸಿ, ಯಂತ್ರದ ಬಾಗಿಲಿಗಲ್ಲ, ಮೈಗೆ ರಿವೆಟ್ ಹೊಡೆಸಿ. ಬಾಗಿಲುಗಳು ರಿಪೇರಿಗೆ ಹೋದಾಗ ಅದಲುಬದಲಾಗುತ್ತವೆ.

ಹೆಜ್ಜೆ 3: ಬಿಡಿಭಾಗಕ್ಕೆ ಒಂದೇ ಹೆಸರು

ಇದು ಬೇಸರದ ಕೆಲಸ, ಆದರೆ ದುಡ್ಡು ಉಳಿಯುವುದು ಇಲ್ಲಿಯೇ. 6205 ಬೇರಿಂಗ್ ತೆಗೆದುಕೊಳ್ಳಿ: ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ಅಗಲ 15. ನಮ್ಮ ಸ್ಟೋರ್ಸ್ ಹಾಳೆಯಲ್ಲಿ ಅದು ‘6205 ಬೇರಿಂಗ್’, ‘ಬೇರಿಂಗ್ 6205 ಜೆಡ್‌ಜೆಡ್’, ‘ಬಾಲ್ ಬೇರಿಂಗ್ 25 ಎಂಎಂ’, ‘ಕೂಲಂಟ್ ಪಂಪ್ ಬೇರಿಂಗ್’ ಎಂದು ನಾಲ್ಕು ಅವತಾರ ಎತ್ತಿತ್ತು. ಇವುಗಳಲ್ಲಿ ಜೆಡ್‌ಜೆಡ್ ಎಂದರೆ ಎರಡೂ ಬದಿಗೆ ಲೋಹದ ಮುಚ್ಚಳ, ಇನ್ನೊಂದು ಬಗೆಯಾದ 2ಆರ್‌ಎಸ್ ಎಂದರೆ ರಬ್ಬರ್ ಸೀಲ್. ಅವು ನಿಜವಾಗಿಯೂ ಬೇರೆ ಬೇರೆ. ಉಳಿದದ್ದೆಲ್ಲ ಬರೆದವರ ಕೈಚಳಕ. ವಸ್ತು ಮೊದಲು, ಸಂಖ್ಯೆ ನಂತರ, ಬಗೆ ಕೊನೆಗೆ ಎಂಬ ಒಂದೇ ಕ್ರಮ ಹಿಡಿದು ಪಟ್ಟಿಯನ್ನು ತಿದ್ದಿ. ‘ತಂತ್ರಾಂಶ ಬಂದ ಮೇಲೆ ತಿದ್ದೋಣ’ ಎಂದವರು ಯಾರೂ ತಿದ್ದಿದ್ದನ್ನು ನಾನು ಕಂಡಿಲ್ಲ.

ಹೆಜ್ಜೆ 4: ಕಾನೂನಿನ ಗಡುವುಗಳು

1948ರ ಕಾರ್ಖಾನೆಗಳ ಕಾಯ್ದೆಯ 28ನೇ ಸೆಕ್ಷನ್ ಲಿಫ್ಟ್‌ಗಳನ್ನು ಆರು ತಿಂಗಳಿಗೊಮ್ಮೆಯಾದರೂ, 29ನೇ ಸೆಕ್ಷನ್ ಕ್ರೇನ್, ಸರಪಳಿ, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಸಕ್ಷಮ ವ್ಯಕ್ತಿಯಿಂದ ಪರೀಕ್ಷಿಸಬೇಕೆಂದು ವಿಧಿಸಿತ್ತು. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ವಾರ್ಷಿಕ ಮುದ್ರೆ ಬೇಕು. ಕಾರ್ಮಿಕ ಕಾನೂನುಗಳು 2020ರ ಸಂಹಿತೆಗಳಿಗೆ ಹೊರಳಿರುವುದರಿಂದ ಸೆಕ್ಷನ್ ಸಂಖ್ಯೆ, ನಮೂನೆಗಳು ಬದಲಾಗುತ್ತವೆ. ಆದ್ದರಿಂದ ತಂತ್ರಾಂಶವನ್ನು ಕೇಳಬೇಕಾದ್ದು ಎರಡು: ಗಡುವನ್ನು ಮಾರಿದವರ ಸಹಾಯವಿಲ್ಲದೆ ನಾವೇ ಬದಲಿಸಬಹುದೇ? ಪರೀಕ್ಷೆಯ ಪ್ರಮಾಣಪತ್ರವನ್ನು ಅದೇ ಯಂತ್ರದ ಪುಟಕ್ಕೆ ಲಗತ್ತಿಸಬಹುದೇ? ಇನ್‌ಸ್ಪೆಕ್ಟರ್ ಬಂದು ನಿಂತಾಗ ಕಡತ ಹುಡುಕುತ್ತಾ ಬೆವರುವ ಅನುಭವ ಒಮ್ಮೆ ಆದವರಿಗೆ ಎರಡನೆಯ ಪ್ರಶ್ನೆಯ ಬೆಲೆ ಗೊತ್ತು.

ಹೆಜ್ಜೆ 5: ಡೆಮೊದಲ್ಲಿ ನಿಮ್ಮ ಕೆಲಸ ಮಾಡಿಸಿ, ಅವರದ್ದಲ್ಲ

ಡೆಮೊ ಎಂಬುದು ಹೆಣ್ಣು ನೋಡುವ ಶಾಸ್ತ್ರದ ಉಪ್ಪಿಟ್ಟು ಕೇಸರಿಬಾತ್ ಇದ್ದ ಹಾಗೆ. ರುಚಿಯಾಗಿಯೇ ಇರುತ್ತದೆ, ದಿನನಿತ್ಯದ ಅಡುಗೆಯ ಬಗ್ಗೆ ಏನೂ ಹೇಳುವುದಿಲ್ಲ. ಮೂರೇ ತಂತ್ರಾಂಶ ಆರಿಸಿಕೊಳ್ಳಿ. ನಿಮ್ಮ ಇಪ್ಪತ್ತು ಯಂತ್ರ, ಮೂವತ್ತು ಬಿಡಿಭಾಗಗಳ ಪಟ್ಟಿ ಮೊದಲೇ ಕಳುಹಿಸಿ. ಡೆಮೊ ದಿನ ಹಿರಿಯ ಫಿಟ್ಟರ್, ಸ್ಟೋರ್ಸ್‌ನವರು ಇಬ್ಬರೂ ಕೋಣೆಯಲ್ಲಿರಬೇಕು. ಆಮೇಲೆ ಈ ಪರೀಕ್ಷೆಗಳನ್ನು ಮಾಡಿಸಿ.

ಜನರೇಟರ್ ಪರೀಕ್ಷೆ. ಡೀಸೆಲ್ ಜನರೇಟರ್‌ನ ಎಣ್ಣೆ ಬದಲಾವಣೆಗೆ ಎಂಜಿನ್ ಕೈಪಿಡಿ ಎರಡು ಮಿತಿ ಕೊಟ್ಟಿರುತ್ತದೆ: ಇಷ್ಟು ಗಂಟೆ ಓಟ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ಕರೆಂಟ್ ಸರಿಯಾಗಿರುವ ವರ್ಷ ಜನರೇಟರ್ ಓಡುವುದೇ ಕಡಿಮೆ. ಗಂಟೆ ಮಾತ್ರ ನೋಡಿದರೆ ಎಣ್ಣೆ ಕುಳಿತಲ್ಲೇ ಹಳತಾಗುತ್ತದೆ. ಎರಡೂ ಮಿತಿಯನ್ನು ಒಂದೇ ಕೆಲಸಕ್ಕೆ ಕಟ್ಟಿ ತೋರಿಸಲು ಹೇಳಿ. ಬರುವುದಿಲ್ಲ ಎಂದಾದರೆ ‘ಎರಡು ಬೇರೆ ವೇಳಾಪಟ್ಟಿ ಮಾಡಿಕೊಳ್ಳಿ’ ಎನ್ನುತ್ತಾರೆ. ಒಂದು ಮುಗಿದಾಗ ಇನ್ನೊಂದು ತಾನಾಗಿ ಹೊಸದಾಗಿ ಎಣಿಸಲು ಶುರುಮಾಡದಿದ್ದರೆ ಆ ಉಪಾಯ ಕೆಲಸಕ್ಕೆ ಬಾರದು.

ತಡವಾದ ಪಿಎಂ ಪರೀಕ್ಷೆ. ಪ್ರತಿ ತಿಂಗಳ 1ರಂದು ಮಾಡಬೇಕಾದ ಕೆಲಸವನ್ನು ಈ ಸಲ 12ಕ್ಕೆ ಮಾಡಿದ್ದೀರಿ. ಮುಂದಿನದು ಮುಂದಿನ ತಿಂಗಳ 1ಕ್ಕೆ ಬರಬೇಕೋ 12ಕ್ಕೋ? ಗ್ರೀಸಿಂಗ್ ಆದರೆ 12 ಸರಿ. ಕಾನೂನಿನ ಗಡುವಾದರೆ ದಿನ ಜಾರಬಾರದು. ಒಂದೊಂದು ಕೆಲಸಕ್ಕೂ ಬೇರೆ ಬೇರೆ ನಿಯಮ ಇಡಲು ಬರಬೇಕು. ಇದನ್ನು ಕೇಳಿದಾಗ ಮಾರಾಟಗಾರರು ಒಂದು ಕ್ಷಣ ಸುಮ್ಮನಾದರೆ ನೀವು ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಎಂದರ್ಥ.

ಎಣ್ಣೆ ಕೈ ಪರೀಕ್ಷೆ. ಫೋನ್ ಅನ್ನು ಫಿಟ್ಟರ್ ಕೈಗೆ ಕೊಡಿ. ಕ್ಯೂಆರ್ ಹಿಡಿದು, ಚೀಟಿ ತೆರೆದು, ಒಂದು ಫೋಟೊ ತೆಗೆದು, ಒಂದು ಬೇರಿಂಗ್ ಬಳಸಿದ್ದೆಂದು ಗುರುತಿಸಿ, ಚೀಟಿ ಮುಚ್ಚಬೇಕು. ಯಾರೂ ಬಾಯಿ ಹಾಕಬಾರದು, ಮುಖ್ಯವಾಗಿ ನೀವು. ಎಷ್ಟು ಸಲ ಒತ್ತಿದರು ಎಂದು ಎಣಿಸಿ. ಎರಡು ನಿಮಿಷ ದಾಟಿದರೆ ಆ ತಂತ್ರಾಂಶ ಶನಿವಾರ ಸಂಜೆಯದ್ದು.

ನೆಲಮಾಳಿಗೆ ಪರೀಕ್ಷೆ. ಪಂಪ್ ಮನೆ, ಟ್ರಾನ್ಸ್‌ಫಾರ್ಮರ್ ಕೋಣೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಫೋನ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಚೀಟಿ ಮುಚ್ಚಿಸಿ, ಮೇಲೆ ಬಂದ ಮೇಲೆ ಫೋಟೊ ಸಮೇತ ಸೇರುತ್ತದೆಯೇ ನೋಡಿ. ಹೊತ್ತು ಯಾವುದು ದಾಖಲಾಯಿತು ಎಂಬುದನ್ನೂ ನೋಡಿ: ಕೆಳಗೆ ಒತ್ತಿದ್ದೋ, ಮೇಲೆ ಸೇರಿದ್ದೋ?

ಗಣಿತದ ಪರೀಕ್ಷೆ. ಒಂದು ಯಂತ್ರ ತಿಂಗಳಲ್ಲಿ 400 ಗಂಟೆ ಓಡಿ, ನಾಲ್ಕು ಸಲ ಕೆಟ್ಟು, ರಿಪೇರಿಗೆ ಒಟ್ಟು ಹತ್ತು ಗಂಟೆ ಹಿಡಿಯಿತು ಎನ್ನಿ. ಎರಡು ಕೆಡುವಿಕೆಗಳ ನಡುವಿನ ಸರಾಸರಿ, ಅಂದರೆ ಎಂಟಿಬಿಎಫ್, 100 ಗಂಟೆ. ದುರಸ್ತಿಯ ಸರಾಸರಿ, ಎಂಟಿಟಿಆರ್, ಎರಡೂವರೆ ಗಂಟೆ. ಅನೇಕ ತಂತ್ರಾಂಶಗಳು ಭಾನುವಾರ, ರಾತ್ರಿ ಎಲ್ಲ ಸೇರಿಸಿ ತಿಂಗಳಿಗೆ 720 ಗಂಟೆ ಎಂದು ಹಿಡಿಯುತ್ತವೆ. ಆಗ ಎಂಟಿಬಿಎಫ್ 180ರ ಹತ್ತಿರ ಬಂದು ಕುಳಿತುಕೊಳ್ಳುತ್ತದೆ, ಯಂತ್ರ ಒಂದಿಷ್ಟೂ ಸುಧಾರಿಸದೆ. ವಾಹನ ಬಿಡಿಭಾಗ ಮಾಡುವ ಘಟಕಗಳಿಗೆ ಇದು ಇನ್ನೂ ಮುಖ್ಯ. ಅವರು ಪಾಲಿಸುವ ಐಎಟಿಎಫ್ 16949 ಮಾನದಂಡ ನಿರ್ವಹಣೆಯ ಗುರಿಗಳಿಗೆ ಇವೇ ಅಳತೆಗಳನ್ನು ಉದಾಹರಿಸುತ್ತದೆ. ಅಂಕಿ ಹೇಗೆ ಬಂತು ಎಂದು ಆಡಿಟರ್ ಕೇಳಿದಾಗ ‘ಕಂಪ್ಯೂಟರ್ ಕೊಟ್ಟಿತು’ ಎನ್ನಲಾಗದು.

ಹೆಜ್ಜೆ 6: ಕನ್ನಡ ಬರುತ್ತದೆಯೇ?

‘ಬರುತ್ತದೆ’ ಎಂದೇ ಹೇಳುತ್ತಾರೆ. ‘ಸ್ಟ್ರೈನರ್ ಸ್ವಚ್ಛಗೊಳಿಸಿ, ಫಿಲ್ಟರ್ ಬದಲಿಸಿ’ ಎಂದು ಟೈಪ್ ಮಾಡಿಸಿ ಪಿಡಿಎಫ್ ವರದಿ ತೆಗೆಸಿ. ಪರದೆಯ ಮೇಲೆ ಚೆನ್ನಾಗಿ ಕಂಡ ಒತ್ತಕ್ಷರಗಳು ಕಾಗದದ ಮೇಲೆ ಕೈಕಾಲು ಮುರಿದುಕೊಂಡು ಬೀಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಹುಡುಕು ಪೆಟ್ಟಿಗೆಯಲ್ಲಿ ‘ಫಿಲ್ಟರ್’ ಎಂದು ಹಾಕಿ ಆ ಚೀಟಿ ಸಿಗುತ್ತದೆಯೇ ನೋಡಿ.

ಇನ್ನೊಂದು ಬಲೆ ನಮ್ಮದೇ ಕಡತಗಳಲ್ಲಿದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಎಕ್ಸೆಲ್ ಹಾಳೆ ಯೂನಿಕೋಡ್ ಅಲ್ಲ. ಹಾಗೆಯೇ ಸೇರಿಸಿದರೆ ‘ಪಂಪ್ ಮನೆ’ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಕಣ್ಣಿಂದ ಒಮ್ಮೆ ಓದಿ, ನಂತರ ಸೇರಿಸಿ.

ಎಲ್ಲವೂ ಕನ್ನಡದಲ್ಲೇ ಇರಬೇಕೆಂಬ ಹಟ ನನಗಿಲ್ಲ. ನಮ್ಮ ಶೆಡ್‌ಗಳಲ್ಲಿ ಬಾಗಲಕೋಟೆಯವರ ಪಕ್ಕದಲ್ಲಿ ಒಡಿಶಾ, ಬಿಹಾರದವರು ನಿಂತಿರುತ್ತಾರೆ. ಪಿಎಂ ಸೂಚನೆ ಕನ್ನಡದಲ್ಲಿ, ಜೊತೆಗೆ ಎಲ್ಲಿ ಗ್ರೀಸ್ ಹಾಕಬೇಕೆಂದು ಬಾಣ ಹಾಕಿದ ಫೋಟೊ. ಚೀಟಿ ಮುಚ್ಚುವಾಗ ಬರೆಯುವ ಬದಲು ಧ್ವನಿಯಲ್ಲಿ ಹೇಳುವ ಸೌಲಭ್ಯ. ಇಷ್ಟಿದ್ದರೆ ಭಾಷೆಯ ಜಗಳ ಅರ್ಧ ಮುಗಿಯಿತು.

ಹೆಜ್ಜೆ 7: ಯಾವ ಬಗೆ, ಎಷ್ಟು ದುಡ್ಡು

ಎಸ್‌ಎಪಿಯ ನಿರ್ವಹಣಾ ಭಾಗ, ಐಬಿಎಂನ ಮ್ಯಾಕ್ಸಿಮೊ ಮೊದಲಾದವು ಉಕ್ಕು, ವಿದ್ಯುತ್, ರೈಲ್ವೆಯಂತಹ ದೊಡ್ಡ ಮನೆತನದವು. ಅರವತ್ತು ಯಂತ್ರದ ಘಟಕಕ್ಕೆ ಅದು ಸೈಕಲ್ ನಿಲ್ಲಿಸಲು ಹೆಲಿಪ್ಯಾಡ್ ಕಟ್ಟಿದಂತೆ. ಕಂಪನಿಯಲ್ಲಿ ಈಗಾಗಲೇ ಎಸ್‌ಎಪಿ ಇದ್ದರೆ ಮಾತ್ರ ಯೋಚಿಸಿ. ಅಪ್‌ಕೀಪ್, ಮೇಂಟೇನ್‌ಎಕ್ಸ್, ಲಿಂಬಲ್, ಫಿಕ್ಸ್ ಮುಂತಾದವು ಫೋನ್‌ನಲ್ಲಿ ಸಲೀಸಾಗಿ ಓಡಾಡುತ್ತವೆ, ಬಳಕೆದಾರರ ತಲೆಲೆಕ್ಕದಲ್ಲಿ ಬಾಡಿಗೆ. ಮೂರನೆಯದು ಮುಕ್ತ ತಂತ್ರಾಂಶ: ಮುಂಬೈನ ಫ್ರಾಪೆಯವರ ಇಆರ್‌ಪಿನೆಕ್ಸ್ಟ್‌ನಲ್ಲಿ ಆಸ್ತಿ ಮತ್ತು ನಿರ್ವಹಣೆಯ ಭಾಗಗಳಿವೆ, ಒಡೂನ ಕಮ್ಯುನಿಟಿ ಆವೃತ್ತಿಯಲ್ಲಿಯೂ ನಿರ್ವಹಣೆಯ ಭಾಗವಿದೆ, ಕಟ್ಟಡಗಳಿಗಾಗಿ ಓಪನ್‌ಮೇಂಟ್ ಇದೆ. ಪರವಾನಗಿ ಪುಕ್ಕಟೆ. ಸರ್ವರ್ ಬಾಡಿಗೆ, ಬ್ಯಾಕಪ್, ಕೆಟ್ಟಾಗ ಸರಿಮಾಡುವವರ ಸಂಬಳ ಪುಕ್ಕಟೆಯಲ್ಲ. ಮನೆಯಲ್ಲೇ ಒಬ್ಬ ಕಂಪ್ಯೂಟರ್ ಬಲ್ಲವರಿದ್ದರೆ ನನ್ನ ಓಟು ಇದಕ್ಕೆ.

ಬೆಲೆ ಯಾವಾಗಲೂ ಮೂರು ವರ್ಷಕ್ಕೆ ಕೂಡಿಸಿ. ತಲೆಗೆ ತಿಂಗಳಿಗೆ 800 ರೂಪಾಯಿ ಎಂದುಕೊಳ್ಳಿ, ಬಳಸುವವರು 14 ಜನ. ಮೂರು ವರ್ಷಕ್ಕೆ 4,03,200 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 72,576. ಇದರ ಜೊತೆಗೆ ದತ್ತಾಂಶ ತುಂಬಿಕೊಡುವ ಖರ್ಚು, ತರಬೇತಿ, ಶೆಡ್‌ಗೆ ಎರಡರಂತೆ ಗಟ್ಟಿಮುಟ್ಟಾದ ಫೋನ್. ಬೆಲೆ ಡಾಲರ್‌ನಲ್ಲಿದ್ದರೆ ರೂಪಾಯಿಯ ಏರಿಳಿತ ನಿಮ್ಮದು. ಮುಖ್ಯವಾಗಿ ಇದನ್ನು ಕೇಳಿ: ದೂರು ಮಾತ್ರ ಹಾಕುವ ಆಪರೇಟರ್‌ಗೂ ಶುಲ್ಕವೇ? ಹೌದೆಂದರೆ ಲೆಕ್ಕ 14ರಿಂದ 60ಕ್ಕೆ ಹಾರುತ್ತದೆ. ದುಡ್ಡು ಉಳಿಸಲು ಐದು ಜನ ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ, ಯಾರು ಯಾವ ಕೆಲಸ ಮಾಡಿದರು ಎಂಬ ದಾಖಲೆಗೆ ಅಲ್ಲಿಗೇ ಎಳ್ಳುನೀರು.

ಹೆಜ್ಜೆ 8: ಬಿಟ್ಟುಹೋಗುವ ದಾರಿ

ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೊರಬರುವ ಬಾಗಿಲು ನೋಡಿಕೊಳ್ಳಿ. ಚೀಟಿಗಳು, ಫೋಟೊಗಳು, ಬಿಡಿಭಾಗದ ಚಲನೆ ಎಲ್ಲವನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ನಾವೇ ಇಳಿಸಿಕೊಳ್ಳಬಹುದೇ? ಡೆಮೊದಲ್ಲೇ ಇಳಿಸಿ ತೋರಿಸಲಿ. ಫೋಟೊಗಳು ಬಹಳ ಕಡೆ ಇಳಿಯುವುದಿಲ್ಲ. ಬಾಡಿಗೆ ನಿಂತ ಮೇಲೆ ದತ್ತಾಂಶ ಎಷ್ಟು ದಿನ ಇರುತ್ತದೆ ಎಂಬುದು ಕಾಗದದಲ್ಲಿರಲಿ.

ಹೆಜ್ಜೆ 9: ಮೂವತ್ತು ದಿನ, ಒಂದು ಸಾಲು, ರಾತ್ರಿ ಪಾಳಿ ಸೇರಿಸಿ

ಇಡೀ ಕಾರ್ಖಾನೆಗೆ ಒಮ್ಮೆಲೇ ಹಾಕಬೇಡಿ. ಹೆಚ್ಚು ಕೆಡುವ ಒಂದು ಸಾಲು, ಜೊತೆಗೆ ಕಂಪ್ರೆಸರ್ ಮತ್ತು ಜನರೇಟರ್ ಆರಿಸಿ. ರಾತ್ರಿ ಪಾಳಿಯನ್ನು ಬಿಡಬೇಡಿ. ಹಗಲಿನಲ್ಲಿ ಎಂಜಿನಿಯರ್ ಬೆನ್ನ ಹಿಂದೆ ನಿಂತಿರುತ್ತಾರೆ, ರಾತ್ರಿ ಎರಡು ಗಂಟೆಗೆ ಫಿಟ್ಟರ್, ಯಂತ್ರ, ಫೋನ್ ಮೂವರೇ. ತಿಂಗಳ ಕೊನೆಗೆ ಬಣ್ಣದ ಮೀಟರ್‌ಗಳನ್ನು ತೆರೆಯುವ ಮೊದಲು ಒಂದೇ ಪಟ್ಟಿ ಇಳಿಸಿ: ಪ್ರತಿ ಚೀಟಿ ತೆರೆದ ಹೊತ್ತು, ಮುಚ್ಚಿದ ಹೊತ್ತು, ಮುಚ್ಚಿದವರ ಹೆಸರು. ಹೊತ್ತುಗಳು ಇಪ್ಪತ್ತನಾಲ್ಕು ಗಂಟೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಜನ ನಿಜವಾಗಿ ಬಳಸುತ್ತಿದ್ದಾರೆ. ಗುಂಪುಗುಂಪಾಗಿ ಪಾಳಿ ಮುಗಿಯುವ ಹೊತ್ತಿಗೆ ಬಿದ್ದಿದ್ದರೆ ಅಂಕಣ ಕಡಿಮೆ ಮಾಡಿಸಿ, ಇನ್ನೊಂದು ತಿಂಗಳು ನೋಡಿ. ಆಗಲೂ ಹಾಗೆಯೇ ಇದ್ದರೆ ಪಟ್ಟಿಯ ಎರಡನೆಯ ತಂತ್ರಾಂಶಕ್ಕೆ ಫೋನ್ ಮಾಡಿ.

ಹಳೆಯ ಪುಸ್ತಕವನ್ನು ಪ್ರಯೋಗದ ಅವಧಿಯಲ್ಲಿ ಮಾತ್ರ ಜೊತೆಯಲ್ಲಿ ನಡೆಸಿ. ಎರಡೂ ಕಡೆ ಬರೆಯಬೇಕೆಂದರೆ ಜನ ಎರಡೂ ಕಡೆ ಅರ್ಧರ್ಧ ಬರೆಯುತ್ತಾರೆ. ತಂತ್ರಾಂಶ ಖಚಿತವಾದ ದಿನ ಪುಸ್ತಕದ ಕೊನೆಯ ನಮೂದಿನ ಕೆಳಗೆ ಕೆಂಪು ಗೆರೆ ಎಳೆದು, ಹಿರಿಯ ಫಿಟ್ಟರ್ ಕೈಯಲ್ಲಿ ಸಹಿ ಮಾಡಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ನಮ್ಮಲ್ಲಿ ಹಾಗೆ ಮಾಡಿದ ಮರುದಿನ ಬೆಳಿಗ್ಗೆ ಮೊದಲ ಚೀಟಿ ಬಂದದ್ದು 5.20ಕ್ಕೆ, ರಾತ್ರಿ ಪಾಳಿಯಿಂದ: ಬೆಂಚ್ ಗ್ರೈಂಡರ್, ಬೇರಿಂಗ್ ಶಬ್ದ.